ಕುರ್ಚಿಯ ಮೇಲೊಂದು ಕೌದಿ

"ಹೆಸರು ಕೊಟ್ರ ಜಾಗ ಉಳಿತದೇನೋ? ಹೆಸರು ಬಂದು ಕುಂದ್ರತದ?" ಎಂದು ಸೋದರತ್ತೆ ನನ್ನ ಮೊಬೈಲಿನತ್ತ ಬೆರಳು ಮಾಡಿ ಕೇಳಿದರು. ಮಳಖೇಡದ ಅವರ ಮನೆಯಲ್ಲಿ ಕುಳಿತು ಬೆಂಗಳೂರಿನ ದೊಡ್ಡ ಕಲಾ ಉತ್ಸವದ ನಾಟಕಕ್ಕೆ ಕುರ್ಚಿ ಕಾದಿರಿಸುತ್ತಿದ್ದೆ. ಇಬ್ಬರಿಗೂ ಅಂಥ ಉತ್ಸವ ಇದೇ ಮೊದಲು. ಊರಿನ ಬಯಲಾಟಕ್ಕೆ ಮಧ್ಯಾಹ್ನವೇ ಕೌದಿ ಹಾಸಿ ಜಾಗ ಹಿಡಿಯುತ್ತಿದ್ದ ಅತ್ತೆ, ಕೌದಿ ಇಲ್ಲದೆ ಬರುವುದೇ ಇಲ್ಲ ಎಂದು ಹಟ ಹಿಡಿದರು. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ನನಗೆ ನಾಟಕದ ಹುಚ್ಚು ಹಿಡಿಸಿದವರೇ ಅವರು.

"ಅತ್ತಿ, ಸಣ್ಣಾವಿದ್ದಾಗ ನಿನ್ನ ಬಾಜೂಕ ಕುಂತು ಬೆಳತನಕ ಆಟ ನೋಡಿದವ ನಾ. ನನ್ನ ಮಾತು ನಂಬು" ಎಂದೆ.

ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀ ಎಲ್ಲಿ ನೋಡ್ದಿ? ಗಣಪತಿ ಪೂಜಿ ಮುಗಿಯೂದ್ರಾಗ ಗೊರಕಿ ಹೊಡಿತಿದ್ದಿ. ಮರುದಿನ ನಾ ಹೇಳಿದ ಕಥಿನೇ ನಿನಗ ನೆಪ್ಪದ!"

ಎಲ್ಲದಕ್ಕೂ ಪುರಾವೆ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ರಾಕ್ಷಸನ ಕೆಂಪು ಕಿರೀಟ ಈಗಲೂ ಕಣ್ಣ ಮುಂದಿದೆ ಎಂದು ವಾದಿಸಿದೆ.

"ಅದು ಕೌದಿ ತ್ಯಾಪಿ ಇದ್ದೀತು. ಮಾರಿ ತುಂಬ ಹೊಚಗೊಂಡು ಮಲಗತಿದ್ದಿ" ಎಂದರು. ಪೆಟ್ಟಿಗೆಯಿಂದ ಕೌದಿ ತೆಗೆದು ಬಿಡಿಸಿದರು. ನಡುವೆ ದೊಡ್ಡದೊಂದು ಕೆಂಪು ತೇಪೆ ಇತ್ತು.

ವಾಡಿಯಲ್ಲಿ ರೈಲು ಹತ್ತಲು ಕಟ್ಟಿಟ್ಟ ಚೀಲದಲ್ಲಿ ಈಗ ಆ ಕೌದಿಯೂ ಇದೆ. ಈ ಸಲ ನಾಟಕ ನೋಡಿದೆ ಎನ್ನಲು ಸಾಕ್ಷಿ ಇರಲೆಂದು ಅತ್ತೆಯ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದೇನೆ. ಗೊರಕೆ ಕೇಳಿಸಿದರೆ ಚಿವುಟುವ ಹೊಣೆ ಅವರದು.