ದೇವರ ಮನೆಯ ಮೇಲಿನ ವಾಶ್‌ಬೇಸಿನ್

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಧಾರವಾಡದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ ಇದ್ದರು. ಯಜಮಾನರು ನಿವೃತ್ತ ಎಂಜಿನಿಯರ್. ಮನೆಯ ನಕ್ಷೆಯನ್ನು ತಾವೇ ಬರೆದದ್ದೆಂದು ಬಾಡಿಗೆ ಮಾತಾಡಲು ಹೋದ ದಿನವೇ ಹೇಳಿದ್ದರು. ಮಂಡಿನೋವಿನಿಂದ ಅವರು ಮೆಟ್ಟಿಲು ಹತ್ತುತ್ತಿರಲಿಲ್ಲ. ಆಂಟಿಯೂ ಮೇಲೆ ಬಂದವರಲ್ಲ. ಗೇಟಿನ ಹತ್ತಿರ ಎದುರಾದರೆ "ಊಟ ಆಯ್ತಾಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿಬಿಡುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಆಂಟಿ ಬಾಗಿಲು ತಟ್ಟಿದರು. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹಾಗೇ ಬಂದಿದ್ದರು.

"ನಿಮ್ಮ ಬಾತ್‌ರೂಮಲ್ಲಿ ಏನೋ ಸೋರ್ತಿದೆ ನೋಡಮ್ಮ. ನಮ್ಮ ದೇವರ ಮನೇಲಿ ತೊಟ್ಟಿಕ್ತಾ ಇದೆ. ಸರಿಯಾಗಿ ದೇವರ ತಲೆ ಮೇಲೇ."

ನಾನು ಆಗಷ್ಟೇ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಗಂಡ ಆಫೀಸಿನ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿದ್ದರು. ಮನೆ ಖಾಲಿ ಮಾಡಿ ಎಂದರೆ ಒಬ್ಬಳೇ ಏನು ಮಾಡಲಿ ಎಂದುಕೊಂಡೇ ವಾಶ್‌ಬೇಸಿನ್ ಕೆಳಗೆ ಬಗ್ಗಿ ನೋಡಿದೆ. ಬೇಸಿನ್ನಿನ ಅಡಿಯ ದೊಡ್ಡ ನಟ್ಟಿನಿಂದ ನೀರು ಜಿನುಗಿ, ಪೈಪಿನ ಮೈಮೇಲೇ ಇಳಿದು, ಪೈಪ್ ನೆಲ ಸೇರುವ ಕಡೆ ಒಡೆದಿದ್ದ ಸಿಮೆಂಟಿನ ಸಂದಿಯೊಳಗೆ ಹೋಗುತ್ತಿತ್ತು.

ಕೆಳಗಿನಿಂದ ಅಂಕಲ್ ಕೂಗಿದರು. "ಅದು ಬಾತ್‌ರೂಮ್ ನೀರಲ್ಲ ಕಣೇ, ಮಳೆ ನೀರು!"

"ಮಳೆ ಯಾವ ಕಾಲದಲ್ಲಿ ಬಂತು ಅಂತ ಕೇಳಮ್ಮ ಅವರನ್ನ," ಎಂದು ಆಂಟಿ ನನಗೆ ಹೇಳಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನನಗೆ ಅದೇ ಆಶ್ಚರ್ಯ.

ಪ್ಲಂಬರ್ ಊರಿಗೆ ಹೋಗಿದ್ದ. ಹಾರ್ಡ್‌ವೇರ್ ಅಂಗಡಿಯವರು ನನ್ನ ವಿವರಣೆ ಕೇಳಿ ಒಂದು ರಬ್ಬರ್ ವಾಶರ್, ಹೊಸ ಪೈಪು, ಒಂದಿಷ್ಟು ಬಿಳಿ ಸಿಮೆಂಟ್ ಕೊಟ್ಟು, ಎರವಲು ಕೊಟ್ಟ ದೊಡ್ಡ ಸ್ಪ್ಯಾನರನ್ನು ಸಂಜೆ ವಾಪಸ್ ತಂದುಕೊಡಬೇಕೆಂದರು. ವಾಪಸ್ ಬಂದವಳು ಸೆರಗು ಸಿಕ್ಕಿಸಿಕೊಂಡು ಬೇಸಿನ್ನಿನ ಅಡಿ ಮಲಗಿದೆ. ನಟ್ ತಿರುಗುತ್ತಿತ್ತು, ಆದರೆ ಮೇಲೆ ಬೇಸಿನ್ನಿನ ತೂತಿಗೆ ಕೂರಿಸಿದ್ದ ಜಾಲರಿಯೂ ಅದರ ಜೊತೆಗೇ ತಿರುಗುತ್ತಿತ್ತು. ಎಷ್ಟು ತಿರುಗಿಸಿದರೂ ಸಡಿಲವಾಗಲಿಲ್ಲ.

"ಯಾರರೆ ಮ್ಯಾಲಿಂದ ಜಾಲರಿ ಗಟ್ಟಿ ಹಿಡೀಬೇಕ್ರಿ ಆಂಟಿ. ಒಬ್ಬರ ಕೈಲೆ ಆಗಂಗಿಲ್ಲ."

ಆಂಟಿ ಬಾತ್‌ರೂಮಿನ ಹೊಸ್ತಿಲಾಚೆಯೇ ನಿಂತಿದ್ದರು. ಇನ್ನೂ ಪೂಜೆಯಾಗಿರಲಿಲ್ಲ. ನೆಲ ನೋಡಿದರು, ನನ್ನನ್ನು ನೋಡಿದರು. "ಮತ್ತೆ ಸ್ನಾನ ಮಾಡಿದ್ರಾಯ್ತು," ಎನ್ನುತ್ತ ಒಳಗೆ ಬಂದು, ನಾನು ಅಡಿಗೆಮನೆಯಿಂದ ತಂದಿಟ್ಟಿದ್ದ ಇಕ್ಕಳದ ಎರಡು ಹಿಡಿಗಳನ್ನೂ ಜಾಲರಿಯ ತೂತುಗಳಿಗೆ ತೂರಿಸಿ ಬಿಗಿಯಾಗಿ ಹಿಡಿದರು.

ನಾನು ಸ್ಪ್ಯಾನರ್ ಎಳೆಯುತ್ತಿರುವಾಗ ಮೇಲಿನಿಂದ ಅವರ ಮಾತು ಮಾತ್ರ ಕೇಳಿಸುತ್ತಿತ್ತು.

"ದೇವರ ಮನೆ ಮೇಲೆ ಬಾತ್‌ರೂಮ್ ಬೇಡ ಅಂತ ಪಾಯ ತೆಗೆಯೋವಾಗ್ಲೇ ಹೇಳ್ದೆ. ಪೈಪ್ ನೇರಕ್ಕೆ ಇಳಿಯತ್ತೆ, ನಿನಗೇನು ಗೊತ್ತು ಅಂದ್ರು. ಮೇಸ್ತ್ರಿ ಎದುರಿಗೇ ಅಂದ್ರು. ಅವನು ನಕ್ಬಿಟ್ಟ."

ನಾನು ಇನ್ನಷ್ಟು ಜೋರಾಗಿ ಎಳೆದೆ. ನಟ್ ಒಮ್ಮೆಲೇ ಸಡಿಲವಾಗಿ, ಒಳಗೆ ನಿಂತಿದ್ದ ಕಪ್ಪು ನೀರು ಕೂದಲ ಸಮೇತ ನನ್ನ ಮುಖದ ಮೇಲೆ ಬಿತ್ತು. ನಾನು ಕಿರುಚಿದೆ. ಆಂಟಿ ಬಗ್ಗಿ ನೋಡಿ ನಕ್ಕರು. ನಗು ತಡೆಯಲಾಗದೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟರು.

ಹಳೆಯ ವಾಶರ್ ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಹೊಸದು ಹಾಕಿ ನಟ್ ಬಿಗಿ ಮಾಡಿ, ಹೊಸ ಪೈಪ್ ಸಿಕ್ಕಿಸಿದೆವು. ನೆಲದ ಸಂದಿಗೆ ಬಿಳಿ ಸಿಮೆಂಟ್ ಮೆತ್ತಿದವರು ಆಂಟಿಯೇ. ಮರುದಿನ ಅದು ಒಣಗಿದ ಮೇಲೆ ನಲ್ಲಿ ಪೂರ್ತಿ ಬಿಟ್ಟು ನೋಡಿದೆವು. ಆಂಟಿ ಪೈಪಿನುದ್ದಕ್ಕೂ ಕೈಯಾಡಿಸಿದರು. ಒಣಗಿಯೇ ಇತ್ತು. ಮೆಟ್ಟಿಲ ತುದಿಗೆ ಹೋಗಿ ಕೂಗಿದರು: "ನಿಂತೋಯ್ತು ರೀ! ಬಾತ್‌ರೂಮ್ ನೀರೇ ಅದು!"

ಕೆಳಗಿನಿಂದ "ಕಾಫಿ ಆಯ್ತೇನೇ?" ಎಂದು ಕೇಳಿಸಿತು.

ನೀರು ತೊಟ್ಟಿಕ್ಕುವಾಗ ಹಾಲಿಗೆ ತಂದಿಟ್ಟಿದ್ದ ದೇವರನ್ನು ಆಂಟಿ ಸೋರಿಕೆ ನಿಂತರೂ ಆ ಕೋಣೆಗೆ ಮರಳಿ ಒಯ್ಯಲಿಲ್ಲ. ಹಾಲಿನ ಪೂರ್ವದ ಕಿಟಕಿಯ ಪಕ್ಕ ಮಣೆ ಹಾಕಿ ಅಲ್ಲೇ ಕೂರಿಸಿದರು. ಅಂಕಲ್ ಬೇಡವೆನ್ನಲಿಲ್ಲ. ಖಾಲಿಯಾದ ದೇವರ ಮನೆಯಲ್ಲಿ ಛತ್ರಿಗಳನ್ನೂ ಹಳೆಯ ಪೇಪರುಗಳನ್ನೂ ಜೋಡಿಸಿದರು. ಆಂಟಿ ಆಗೀಗ ಸಂಜೆ ಮೇಲೆ ಬಂದು ಕೂತು ಮಾತಾಡತೊಡಗಿದರು.

ಒಂದು ದಿನ ಅಂಕಲ್ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು. "ಹೋಗಿದ್ದು ವಾಶರ್ ತಾನೇಮ್ಮ? ನನ್ನ ಪೈಪ್‌ಲೈನಲ್ಲಿ ಏನೂ ತೊಂದ್ರೆ ಇರ್ಲಿಲ್ವಲ್ಲ?"

"ವಾಶರ್ ಅಷ್ಟೇರಿ ಅಂಕಲ್."

"ಹಾಗಂತ ಅವಳಿಗೂ ಒಂದು ಮಾತು ಹೇಳಿ."

ಹೇಳಿದೆ. ಆಂಟಿ ಹೂ ಕಟ್ಟುತ್ತಿದ್ದರು. ತಲೆಯೆತ್ತದೆ, "ಹೇಳಕ್ಕೆ ನಿನ್ನ ಕಳಿಸಿದ್ರಾ?" ಎಂದು ಕೇಳಿ, ದಾರವನ್ನು ಹಲ್ಲಿನಿಂದ ಕಡಿದರು.