ದೀದಿಯ ಗಾಂಧಾರ

ಮೊನ್ನೆ ಒಂದು ಹಾರ್ಮೋನಿಯಂ ಪೆಟ್ಟಿಗೆ ರಿಪೇರಿಗೆ ಬಂತು. ಮುಚ್ಚಳ ತೆಗೆದ ಕೂಡಲೇ ವಾಸನೆ ಬಡಿಯಿತು. ಹಳೇ ಮರ, ಚರ್ಮ, ಅದರೊಳಗೆ ಒಣಗಿದ ಬೇವಿನೆಲೆ. ಹುಳು ಹಿಡಿಯಬಾರದೆಂದು ತಿದಿಯ ಮಗ್ಗುಲಿಗೆ ಬೇವಿನೆಲೆ ಇಡುತ್ತಿದ್ದವರು ನನ್ನ ಗಿರಾಕಿಗಳಲ್ಲಿ ಒಬ್ಬರೇ, ದೀದಿ. ಪೆಟ್ಟಿಗೆ ತಂದಿದ್ದ ಹೆಂಗಸು ಏನೋ ಹೇಳುತ್ತಿದ್ದಳು. ನನಗೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

ದೀದಿ ಬಂಗಾಳದವರು. ತೊಂಬತ್ತರ ದಶಕದಲ್ಲಿ ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಕಾರ್ಖಾನೆ ಕೆಲಸಕ್ಕೆಂದು ಬಂದ ಗಂಡ ಇಲ್ಲೇ ತೀರಿಕೊಂಡಿದ್ದರು. ದೀದಿ ತಾವೇ ಪದ ಕಟ್ಟಿ, ತಾವೇ ರಾಗ ಹಾಕಿ, ತಾವೇ ಹಾಡುತ್ತಿದ್ದರು. ರೇಡಿಯೊದಲ್ಲಾಗಲಿ ಕ್ಯಾಸೆಟ್ಟಿನ ಮೇಲಾಗಲಿ ಅವರ ಹೆಸರು ಬಂದದ್ದಿಲ್ಲ. ವರ್ಷಕ್ಕೊಮ್ಮೆ ದುರ್ಗಾಪೂಜೆಯ ಪೆಂಡಾಲಿನಲ್ಲಿ ಒಂದು ಹೊಸ ಹಾಡು ಹಾಡುವುದು, ಅಷ್ಟೇ. ಯಾವುದನ್ನೂ ಬರೆದಿಡುತ್ತಿರಲಿಲ್ಲ. ಕೇಳಿದರೆ, "ಬರೆದ್ರೆ ಹಾಡು ಕಾಗದದಲ್ಲೇ ಮಲಕ್ಕೊಂಬಿಡತ್ತೆ ಭಾಯಿ" ಎನ್ನುತ್ತಿದ್ದರು.

ಬೆಳಿಗ್ಗೆ ಬೀದಿಗೆ ಬರುತ್ತಿದ್ದ ಸೊಪ್ಪಿನ ಅಜ್ಜಿಯ ಕೂಗನ್ನೇ ಹಿಡಿದು ಒಂದು ಬಂಗಾಳಿ ಹಾಡು ಕಟ್ಟಿದ್ದರು. ಒಂದು ದಿನ ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಹಾಡಿ ತೋರಿಸಿದರು. ಅಜ್ಜಿ ಬುಟ್ಟಿ ಇಳಿಸಿ, ಬಾಯಿಗೆ ಸೆರಗು ಹಿಡಿದು ನಕ್ಕಿದ್ದೇ ನಕ್ಕಿದ್ದು. "ಅಯ್ಯೋ ನನ್ ಮಗಳೇ, ದಂಟಿನ್ ಸೊಪ್ಪಿಗೆ ಇಷ್ಟೊಂದ್ ಅಳ್ತಾರಾ ಯಾರಾದ್ರೂ? ಹಿಂಗ್ ಕೂಗುದ್ರೆ ನನ್ ಸೊಪ್ಪು ಬಾಡೋಗ್ತದೆ!" ದೀದಿಯೂ ನಕ್ಕರು. ಆದರೆ ಆ ಹಾಡು ಕೇಳಿದರೆ ನಿಜವಾಗಿಯೂ ಅಳು ಬರುತ್ತಿತ್ತು...

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿವಾಜಿನಗರದಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ ಉಸ್ತಾದರ ಹತ್ತಿರ ಕೆಲಸ ಕಲಿತೆ. ದೀದಿಯ ಪೆಟ್ಟಿಗೆಯನ್ನು ತರುವುದು, ಮುಟ್ಟಿಸುವುದು ನನ್ನ ಕೆಲಸ. ಅವರಿಗೆ ತಮ್ಮನಿರಲಿಲ್ಲ, ನನಗೆ ಅಕ್ಕ ಇರಲಿಲ್ಲ. ದೀಪಾವಳಿ ಕಳೆದ ಎರಡನೇ ದಿನ ಬಂಗಾಳಿಗಳಲ್ಲಿ ಒಂದು ಪದ್ಧತಿ ಇದೆ. ಅಕ್ಕ ಉಪವಾಸವಿದ್ದು, ಎಡಗೈ ಕಿರುಬೆರಳಿನಿಂದ ತಮ್ಮನ ಹಣೆಗೆ ಗಂಧದ ಬೊಟ್ಟಿಡುತ್ತಾಳೆ, ಅವನ ಆಯುಸ್ಸು ಗಟ್ಟಿಯಾಗಲಿ ಎಂದು. ಒಂದು ವರ್ಷ ಪೆಟ್ಟಿಗೆ ಕೊಡಲು ಹೋದವನನ್ನು ಹಾಗೇ ಮಣೆಯ ಮೇಲೆ ಕೂರಿಸಿ ಬೊಟ್ಟಿಟ್ಟರು. ಅಂದಿನಿಂದ ಪ್ರತಿ ವರ್ಷ ಹೋಗುತ್ತಿದ್ದೆ.

ಹಾರ್ಮೋನಿಯಂನಲ್ಲಿ ಬೆರಳೊತ್ತುವ ಕೀಗೆ ನಾವು ಮನೆ ಎನ್ನುತ್ತೇವೆ. ಅವರ ಪೆಟ್ಟಿಗೆಯಲ್ಲಿ ಒಂದು ಕಪ್ಪು ಮನೆ ಇತ್ತು, ಗಾಂಧಾರದ್ದು. ಒತ್ತಿದರೆ ಸ್ವರ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೇಳುತ್ತಿತ್ತು. ನಾನು ಮೊದಲ ಸಲ ಅದನ್ನು ಕಂಡುಹಿಡಿದಾಗ ಉಸ್ತಾದರು ಕೈ ಹಿಡಿದು ತಡೆದಿದ್ದರು. "ಅದು ಬೇಸುರ್ ಅಲ್ಲ ಮಿಯಾ. ಅವರಮ್ಮ ಹಾಡ್ಕೊಂಡು ಹಾಡ್ಕೊಂಡು ತಮ್ಮ ಗಂಟಲಿಗೆ ಬೇಕಂತಲೇ ಇಳಿಸ್ಕೊಂಡಿರೋ ಸ್ವರ. ಧೂಳು ಒರ್ಸು, ತಿದಿ ನೋಡು. ಅದರ ತಂಟೆಗೆ ಹೋಗ್ಬೇಡ." ದೀದಿಯ ಹಾಡುಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಆ ಮನೆಯ ಮೇಲೇ ಬಂದು ಕೂರುತ್ತಿದ್ದವು.

ಉಸ್ತಾದರು ಹೋದ ಮೇಲೆ ಅಂಗಡಿ ನನ್ನದಾಯಿತು. ಕರೆಂಟಿನ ಶ್ರುತಿಪೆಟ್ಟಿಗೆ ತಂದೆ. ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ಅಳೆಯತೊಡಗಿದೆ. ಆ ವರ್ಷ ದೀದಿಗೆ ದೊಡ್ಡ ಜ್ವರ ಬಂದು ಹೋಗಿತ್ತು. ತಿದಿಯ ಚರ್ಮ ಹರಿದಿದೆ ಎಂದು ಪೆಟ್ಟಿಗೆ ಕಳಿಸಿದ್ದರು. ಚರ್ಮ ಹಾಕಿದೆ. ಆಮೇಲೆ ಆ ಗಾಂಧಾರ ಕಣ್ಣಿಗೆ ಬಿದ್ದ ಕಸದ ಹಾಗೆ ಕುಕ್ಕತೊಡಗಿತು. ಉಸ್ತಾದರಿಗೆ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು, ಅದಕ್ಕೇ ಬಿಟ್ಟಿದ್ದರು ಎಂದುಕೊಂಡೆ. ನಾನು ಸರಿ ಮಾಡಿದರೆ ದೀದಿ ಮೆಚ್ಚುತ್ತಾರೆ ಎಂದುಕೊಂಡೆ. ಆ ಮನೆಯ ಕೆಳಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ರೀಡಿನ ತುದಿಯನ್ನು ಸಣ್ಣ ಅರದಿಂದ ನಾಲ್ಕು ಸಲ ಕೆರೆದೆ. ಸ್ವರ ಏರಿ ಶ್ರುತಿಪೆಟ್ಟಿಗೆಯ ಜೊತೆ ನೆಟ್ಟಗೆ ನಿಂತಿತು.

ಪೆಟ್ಟಿಗೆ ತೆಗೆದುಕೊಂಡು ಹೋದದ್ದು ಆ ಬೊಟ್ಟಿನ ದಿನವೇ. ಮೊದಲು ಹಣೆಗೆ ಗಂಧ ಇಟ್ಟರು. ಆಮೇಲೆ ಪೆಟ್ಟಿಗೆ ಎಳೆದುಕೊಂಡು ಹಾಡಲು ಶುರು ಮಾಡಿದರು. ಗಾಂಧಾರಕ್ಕೆ ಬಂದಾಗ ನಿಲ್ಲಿಸಿದರು. ಮತ್ತೆ ಹಾಡಿದರು. ಮತ್ತೆ ಅಲ್ಲೇ ನಿಲ್ಲಿಸಿದರು.

"ಆ ಮನೆ ಮುಟ್ಟಿದ್ಯಾ ಭಾಯಿ?"

ಅವರ ಮುಖದಲ್ಲಿ ಮೆಚ್ಚುಗೆ ಇರಲಿಲ್ಲ. ದಾರಿ ತಪ್ಪಿದವರ ಹಾಗೆ ನೋಡುತ್ತಿದ್ದರು. ನನಗೆ ಭಯವಾಯಿತು.

"ಇಲ್ಲ ದೀದಿ. ಚರ್ಮ ಹಾಕಿದ್ದಷ್ಟೇ."

ಹಣೆಯ ಗಂಧ ಇನ್ನೂ ಒಣಗಿರಲಿಲ್ಲ.

"ಜ್ವರ ಬಿಟ್ಮೇಲೆ ಕಿವೀಲಿ ಗುಂಯ್ ಅಂತಾನೇ ಇತ್ತು..." ಎಂದು ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿದರು. "ಹಾಗಾದ್ರೆ ನನ್ನ ಕಿವೀನೇ ಹೋಯ್ತು ಕಣೋ. ಇರ್ಲಿ, ಪಾಯಸ ತಿನ್ನು." ನಾನು ತಿಂದೆ.

ಎರಡು ತಿಂಗಳಾದ ಮೇಲೆ ಅವರೇ ಅಂಗಡಿಗೆ ಬಂದರು. ಡಾಕ್ಟರ ಹತ್ತಿರ ಹೋಗಿ ಮಷೀನಿನಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡಿದ್ದರಂತೆ. "ಕಿವಿ ಸರಿಯಾಗಿದೆ ಅಂತಾರೆ. ಆ ಮಷೀನಿಗೇನು ಗೊತ್ತು ನಮ್ಮಮ್ಮನ ಗಾಂಧಾರ?" ಎಂದು ನಕ್ಕು, ನಾನು ಏನಾದರೂ ಹೇಳುತ್ತೇನೋ ಎಂಬಂತೆ ನಿಂತರು. ರೀಡಿನ ಬುಡದಲ್ಲಿ ಕೆರೆದರೆ ಸ್ವರ ಮತ್ತೆ ಇಳಿಯುತ್ತದೆ. ಒಂದು ಗಂಟೆಯ ಕೆಲಸ. ಅದಕ್ಕೆ ಮೊದಲು ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ವಯಸ್ಸಾಯ್ತಲ್ಲ ದೀದಿ" ಎಂದೆ.

ಮರುವರ್ಷ ಪೂಜೆಯ ಪೆಂಡಾಲಿನಲ್ಲಿ ದೀದಿ ಕೆಳಗೆ ಕುರ್ಚಿಯಲ್ಲಿ ಕುಳಿತು ಬೇರೆಯವರ ಹಾಡಿಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹೊಸ ಹಾಡು ಆಮೇಲೆ ಒಂದೂ ಹುಟ್ಟಲಿಲ್ಲ. ಜನರೆದುರು ಹಳೆಯವನ್ನು ಹಾಡುವುದನ್ನೂ ಬಿಟ್ಟರು. ಬೊಟ್ಟಿಡುವುದನ್ನು ಮಾತ್ರ ಬಿಡಲಿಲ್ಲ. ನಾನೇ ಏನಾದರೊಂದು ನೆವ ಹೇಳಿ ಹೋಗುವುದನ್ನು ನಿಲ್ಲಿಸಿದೆ. ಕೆಲವು ವರ್ಷದ ಮೇಲೆ, ಅವರ ಅಕ್ಕನ ಮಕ್ಕಳು ಬಂದು ಅವರನ್ನು ಊರಿಗೆ ಕರೆದುಕೊಂಡು ಹೋದರೆಂದು ಯಾರೋ ಹೇಳಿದರು. ಹೋಗುವ ಮೊದಲು ಅಂಗಡಿಗೆ ಬಂದಿದ್ದರಂತೆ. ಅಂದು ನಾನು ಬಾಗಿಲು ಹಾಕಿ ಕೆ.ಆರ್. ಪುರಕ್ಕೆ ಮದುವೆಗೆ ಹೋಗಿದ್ದೆ...

ಮೊನ್ನೆ ಪೆಟ್ಟಿಗೆ ತಂದವಳು ದೀದಿಯ ಕೊನೆಯ ಶಿಷ್ಯೆ. ಊರಿಗೆ ಹೋಗುವಾಗ ದೀದಿ ಪೆಟ್ಟಿಗೆಯನ್ನು ಅವಳಿಗೇ ಕೊಟ್ಟಿದ್ದರಂತೆ. ಊರಿಗೆ ಹೋದ ಮೂರನೇ ವರ್ಷವೇ ದೀದಿ ತೀರಿಕೊಂಡರು ಎಂದು ಅವಳಿಂದಲೇ ತಿಳಿಯಿತು. ನನಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹಾಡುಗಳಲ್ಲಿ ಅವಳಿಗೆ ಬರುವುದು ಮೂರು. ಸೊಪ್ಪಿನ ಅಜ್ಜಿಯ ಹಾಡನ್ನು ನುಡಿಸಿಕೊಂಡು ಹಾಡಿದಳು. ಗಾಂಧಾರ ಬಂದಾಗಲೆಲ್ಲ ಮನೆಯಿಂದ ಬೆರಳೆತ್ತಿ ಬರೀ ಗಂಟಲಿನಲ್ಲಿ ಹಾಡಿದಳು. ಅದೇ ಸ್ವರ. ಕೂದಲೆಳೆಯಷ್ಟು ಕೆಳಗೆ.

"ಅಲ್ಲಿ ಯಾಕಮ್ಮಾ ಕೈ ಎತ್ತಿದೆ?"

"ದೀದಿ ಹಾಗೇ ಕಲಿಸಿದ್ದು ಅಣ್ಣಾ. 'ಪೆಟ್ಟಿಗೆ ಸರಿಯಾಗೇ ಇದೆ, ನನ್ನ ತಮ್ಮ ನೋಡಿದಾನೆ. ನನ್ನ ಕಿವೀನೇ ತಪ್ಪು. ಆದ್ರೂ ಈ ಹಾಡಿಗೆ ನೀನು ನನ್ನ ತಪ್ಪನ್ನೇ ಹಾಡಮ್ಮಾ' ಅನ್ನೋರು."

ನಾನು ಪೆಟ್ಟಿಗೆ ಬಿಚ್ಚಿದೆ. ಕಪ್ಪಾದ ಹಿತ್ತಾಳೆಯ ತುದಿಯಲ್ಲಿ ನನ್ನ ಅರದ ನಾಲ್ಕು ಗೀರು ಹಾಗೇ ಇದ್ದವು. ಬುಡದಲ್ಲಿ ಕೆರೆದೆ, ಕೇಳಿದೆ, ಮತ್ತೆ ಕೆರೆದೆ. ಒಂದು ಗಂಟೆಯೂ ಹಿಡಿಯಲಿಲ್ಲ. ಅವಳು ಮತ್ತೆ ಹಾಡಿದಳು. ಈ ಸಲ ಬೆರಳು ಎತ್ತಲಿಲ್ಲ. ಹಾಡು ಬಂದು ಆ ಮನೆಯ ಮೇಲೆ ಕುಳಿತಿತು. ಅವಳ ಕಣ್ಣು ತುಂಬಿತ್ತು.

"ಅಣ್ಣಾ, ಹಾಗಾದ್ರೆ ದೀದಿ ಕಿವಿ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತಮ್ಮಾ. ಪೆಟ್ಟಿಗೇಲೇ ತಪ್ಪಿತ್ತು."

ಯಾರು ಮಾಡಿದ್ದು ಎಂದು ಅವಳು ಕೇಳಲಿಲ್ಲ. ಅಂದೂ ನಾನು ಹೇಳಲಿಲ್ಲ. ಉಳಿದ ರಿಪೇರಿಗೆ ಬಿಟ್ಟುಹೋದ ಪೆಟ್ಟಿಗೆ ಒಯ್ಯಲು ಅವಳು ನಾಳೆ ಬರುತ್ತಾಳೆ. ತಿದಿಯ ಪಕ್ಕ ಹೊಸ ಬೇವಿನೆಲೆ ಇಟ್ಟಿದ್ದೇನೆ. ಅದರ ಜೊತೆಗೆ ನಾನು ಬರೆದ ಈ ಹಾಳೆಗಳನ್ನೂ ಅವಳ ಕೈಗೆ ಕೊಡುತ್ತೇನೆ. ಮೊದಲು ಕೇಳಬೇಕಾಗಿದ್ದವರಿಗೆ ಇನ್ನು ಹೇಳಲಾಗುವುದಿಲ್ಲ.