ಪಾರಿವಾಳದ ಗೂಡು ಗುಡಿಸುತ್ತಿದ್ದ ನಸೀಮಾ

೧೯೯೭ರಲ್ಲಿ ನಾನು ಹಲಸೂರಿನ ಹತ್ತಿರದ ಮೆಡಿಕಲ್ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪ್ರೊಫೆಸರ್ ಆಗಿದ್ದೆ. ಕೆಲಸ ಬಿಟ್ಟರೆ ನನಗಿದ್ದ ಹುಚ್ಚು ಪಾರಿವಾಳದ್ದು. ಮರ್ಫಿ ಟೌನಿನ ಮನೆಯ ತಾರಸಿಯಲ್ಲಿ ಗೂಡು ಕಟ್ಟಿಸಿದ್ದೆ. ಸಹೋದ್ಯೋಗಿಗಳು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ.

ಒಂದು ದಿನ ಶಿವಾಜಿನಗರದ ನಸೀಮಾ ಕಫ ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬಂದಳು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಕಫದಲ್ಲಿ ಟಿಬಿ ಕ್ರಿಮಿ ಒಮ್ಮೆಯೂ ಸಿಕ್ಕಿರಲಿಲ್ಲ. ಆದರೂ ನಮ್ಮ ಮೆಡಿಸಿನ್ ವಿಭಾಗದ ಮುಖ್ಯಸ್ಥರು ಟಿಬಿ ಎಂದು ಬರೆದು, ವರ್ಷದಿಂದ ಮಾತ್ರೆ ನುಂಗಿಸುತ್ತಿದ್ದರು. ಮನೆಯವರು ಅವಳ ತಟ್ಟೆ ಲೋಟ ಬೇರೆ ಮಾಡಿದ್ದರು. ಆಗಷ್ಟೇ ಹೆಜ್ಜೆ ಇಡುತ್ತಿದ್ದ ಮಗನನ್ನು ಕಿತ್ತುಕೊಂಡು ಅತ್ತೆಯ ಕೈಗೆ ಕೊಟ್ಟಿದ್ದರು.

"ಕೆ.ಆರ್. ಪುರಕ್ಕೆ, ಅಮ್ಮನ ಮನೆಗೆ ಹೋದ್ರೆ ಚೆನ್ನಾಗಿರ್ತೀನಿ ಸಾರ್. ವಾಪಸ್ ಬಂದ್ರೆ ದಿನಾ ಸಂಜೆ ಜ್ವರ, ಕೆಮ್ಮು. ನಾಟಕ ಆಡ್ತಾಳೆ ಅಂತಾರೆ," ಎಂದಳು.

ಅವಳ ಬುರ್ಖಾದ ಅಂಚಿಗೆ ಬೂದು ಪುಕ್ಕವೊಂದು ಅಂಟಿತ್ತು. ಅದು ನನಗೆ ಗೊತ್ತಿಲ್ಲದ ಪುಕ್ಕವೇ?

"ಮನೇಲಿ ಪಾರಿವಾಳ ಇದ್ಯೇನಮ್ಮಾ?"

"ನಮ್ಮ ಯಜಮಾನ್ರ ಶೋಕಿ ಸಾರ್. ಬೆಳಿಗ್ಗೆ ಗೂಡು ಗುಡಿಸೋದು ನಾನೇ."

ಮೈ ಉರಿದುಹೋಯಿತು. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ. ಬೆಳಿಗ್ಗೆ ಉಸಿರಾಡಿದ್ದು ಸಂಜೆ ಜ್ವರವಾಗಿ ಬರುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುವ ಈ ಕಾಯಿಲೆ ಅಂಟುರೋಗವೇ ಅಲ್ಲ. ಮಗುವನ್ನು ಕಿತ್ತುಕೊಂಡಿದ್ದು ಯಾವ ಪುರುಷಾರ್ಥಕ್ಕೆ?

ಮರುದಿನ ನನ್ನ ಗೂಡಿನ ಹಿಕ್ಕೆಯನ್ನೇ ಡಬ್ಬಿಯಲ್ಲಿ ತಂದೆ. ಅವಳ ರಕ್ತ ತೆಗೆಸಿ, ಅದರ ತಿಳಿಯಾದ ಸೀರಮ್ಮನ್ನೂ ಹಿಕ್ಕೆಯ ಸಾರವನ್ನೂ ಅಗಾರ್ ಎಂಬ ಲೋಳೆಯಂಥ ಜೆಲ್ಲಿನಲ್ಲಿ ಎದುರುಬದುರು ಇಟ್ಟೆ. ನಡುವೆ ಬಿಳಿ ಗೆರೆ ಮೂಡಿತು. ಅವಳ ದೇಹ ಹಿಕ್ಕೆಯ ವಿರುದ್ಧ ಸೆಣಸುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ವಾರ್ಡಿಗೇ ಒಯ್ದು ತೋರಿಸಿದರೂ ಮುಖ್ಯಸ್ಥರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಪಾರಿವಾಳ ಹಾರಿಸೋರಿಗೆ ಎಲ್ಲಾ ಕಡೆ ಪಾರಿವಾಳನೇ ಕಾಣ್ಸುತ್ತೆ ಕಣ್ರೀ. ನಿಮ್ಮ ಲ್ಯಾಬ್ ನೀವು ನೋಡ್ಕೊಳ್ಳಿ."

"ಮನೇಲಿ ಏನ್ ಕೆಲಸ ಮಾಡ್ತೀಯಮ್ಮಾ ಅಂತ ಒಂದ್ಸಲನಾದ್ರೂ ಕೇಳಿದ್ರೇನ್ರೀ?" ಎಂದು ಕೂಗಿದೆ. ವಾರ್ಡೆಲ್ಲ ತಿರುಗಿ ನೋಡಿತು. ನೋಡಲಿ ಎಂದೇ ಕೂಗಿದ್ದು.

ನಸೀಮಾಳನ್ನು ಹೊರಗಿನ ಶ್ವಾಸಕೋಶ ತಜ್ಞೆಯ ಬಳಿ ಕಳಿಸಿದೆ. ಅವರು ಎಲ್ಲ ನೋಡಿ ಟಿಬಿ ಮಾತ್ರೆ ನಿಲ್ಲಿಸಿದರು. ಗಂಡ ರಫೀಕನಿಗೆ ನಾನೇ ಬಿಡಿಸಿ ಹೇಳಿದೆ. "ಡಾಕ್ಟ್ರು ಟಿಬಿ ಅಂದ್ರು, ನಂಬಿದ್ವಿ ಸಾರ್," ಎಂದು ತಲೆ ತಗ್ಗಿಸಿದ. ಪಾರಿವಾಳಗಳನ್ನೆಲ್ಲ ಗೆಳೆಯರಿಗೆ ಕೊಟ್ಟುಬಿಟ್ಟ.

ಕೆಲವು ತಿಂಗಳ ಬಳಿಕ ನೋಡಲು ಹೋದೆ. ನಸೀಮಾ ಸಲೀಸಾಗಿ ಮೆಟ್ಟಿಲಿಳಿದು ಬಂದು ಮಗನತ್ತ ಕೈ ಚಾಚಿದಳು. ಹುಡುಗ ಮಾರು ದೂರದಲ್ಲೇ ನಿಂತ. ವರ್ಷವೆಲ್ಲ ಹೇಳಿಕೊಟ್ಟಿದ್ದಂತೆ ಅಂಗಿಯ ಅಂಚು ಎತ್ತಿ ಮೂಗು ಮುಚ್ಚಿಕೊಂಡ. ಅವಳ ಕೈ ಚಾಚಿದಂತೆಯೇ ಉಳಿಯಿತು.

ಮುಖ್ಯಸ್ಥರು ಶಾಲು, ಹಾರ ಹಾಕಿಸಿಕೊಂಡು ನಿವೃತ್ತರಾದರು. ನಾನು ಮಾತ್ರ ಪ್ರತಿ ಬ್ಯಾಚಿಗೂ ಮೊದಲ ಪಾಠ ಇದನ್ನೇ ಮಾಡಿದೆ: ಸ್ಟೆತಾಸ್ಕೋಪ್ ಇಡುವ ಮೊದಲು, ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿ. ಯಾಕೆ ಸಾರ್ ಎಂದವರಿಗೆ ಆ ಮಗು ಮೂಗು ಮುಚ್ಚಿಕೊಂಡಿದ್ದನ್ನು ಮಾಡಿ ತೋರಿಸುತ್ತಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.